ಉದ್ದ ಬಾಲದ ಕಡಲ ಹಕ್ಕಿ ಟ್ರಾಪಿಕ್‌ಬರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರಿಷಸ್‌ಗೋ ಮಾಲ್ಡೀವ್ಸ್‌ಗೋ ಹೋಗಿ ಬಂದವರು ಮೊಬೈಲ್‌ನಲ್ಲಿ ಒಂದು ಬಿಳಿ ಹಕ್ಕಿಯ ಫೋಟೊ ತೋರಿಸಿ "ಇದ್ಯಾವುದು?" ಅನ್ನುತ್ತಾರೆ. ಮಳೆಗಾಲದಲ್ಲಿ ಕರಾವಳಿಯವರು ಕೇಳುವ ಪ್ರಶ್ನೆ ಬೇರೆ: "ದಡಕ್ಕೆ ಒಂದು ಹಕ್ಕಿ ಬಂದು ಬಿದ್ದಿದೆ, ಕಾಲು ಮುರಿದಿದೆ ಅನ್ಸುತ್ತೆ, ಏನು ಮಾಡೋದು?" ಎರಡೂ ಕಡೆಯವರಿಗೆ ಇಲ್ಲಿ ಉತ್ತರ ಇದೆ. ಎಲ್ಲರ ಕಣ್ಣು ಮೊದಲು ಹೋಗುವುದು ಇದರ ಬಾಲಕ್ಕೆ. ಆದರೆ ನನ್ನನ್ನು ಕೇಳಿದರೆ ಈ ಹಕ್ಕಿಯ ಕಥೆಯೆಲ್ಲ ಇರುವುದು ಕಾಲಿನಲ್ಲಿ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಟ್ರಾಪಿಕ್‌ಬರ್ಡ್ ಅಂದರೆ ಯಾವ ಹಕ್ಕಿ?

ಬಿಸಿ ಸಮುದ್ರಗಳ ಹಕ್ಕಿ. ಹಿಂದೂ ಮಹಾಸಾಗರ, ಪೆಸಿಫಿಕ್, ಅಟ್ಲಾಂಟಿಕ್ ಮೂರರಲ್ಲೂ ಇದೆ. ಮೈ ಬಿಳಿ, ಕಣ್ಣಿನ ಹತ್ತಿರ ಕಾಡಿಗೆ ಎಳೆದಂಥ ಕಪ್ಪು ಪಟ್ಟಿ, ಬಾಲದ ನಡುವಿನಿಂದ ಹೊರಟ ಎರಡು ಉದ್ದನೆಯ ತೆಳು ಗರಿ. ಗೂಡಿನ ಕಾಲ ಬಿಟ್ಟರೆ ವರ್ಷದ ಉಳಿದ ದಿನಗಳೆಲ್ಲ ಇದು ನಡುಸಮುದ್ರದಲ್ಲೇ ಇರುತ್ತದೆ. ಕಡಲತೀರದಲ್ಲಿ ಕಾಣುವ ಗಲ್‌ಗಳ ಹಾಗೆ ಮರಳಿನ ಮೇಲೆ ಓಡಾಡುವುದಿಲ್ಲ, ಮೀನಿನ ಬುಟ್ಟಿಯ ಸುತ್ತ ಸೇರುವುದಿಲ್ಲ. ಹೆಚ್ಚಾಗಿ ಒಂಟಿ, ಇಲ್ಲವೇ ಜೋಡಿ.

ಎಷ್ಟು ಜಾತಿ ಇವೆ? ಬೇರೆ ಬೇರೆ ಅಂತ ಗುರುತಿಸೋದು ಹೇಗೆ?

ಮೂರೇ ಮೂರು. ಹೆಸರು ಕೇಳಿದರೆ ಸುಲಭ ಅನಿಸುತ್ತದೆ, ಸಮುದ್ರದಲ್ಲಿ ನೋಡುವಾಗ ಗೊಂದಲ ಆಗುತ್ತದೆ.

ಕೆಂಪು ಬಾಲದ ಟ್ರಾಪಿಕ್‌ಬರ್ಡ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನದು. ಅಟ್ಲಾಂಟಿಕ್‌ನಲ್ಲಿ ಇಲ್ಲ. ಮೂರರಲ್ಲಿ ಇದೇ ಅತಿ ಬಿಳಿ. ಕೆಲವಕ್ಕೆ ಬಿಳಿಯ ಮೇಲೆ ತೆಳು ಗುಲಾಬಿ ಛಾಯೆ ಇರುತ್ತದೆ. ಕೊಕ್ಕು ಕೆಂಪು, ಬಾಲದ ಎರಡು ಗರಿ ಕೆಂಪು. ಆ ಗರಿ ಎಷ್ಟು ಸಪೂರ ಅಂದರೆ ದೂರದಿಂದ ಆಕಾಶದ ಎದುರು ಕಾಣುವುದೇ ಇಲ್ಲ. ಹಾಗಾಗಿ ಹೆಸರಿನಲ್ಲಿರುವ ಗುರುತನ್ನೇ ನಂಬಿ ಕೂತರೆ ಮೋಸ ಹೋಗುತ್ತೀರಿ.

ಕೆಂಪು ಕೊಕ್ಕಿನ ಟ್ರಾಪಿಕ್‌ಬರ್ಡ್‌ಗೆ ಬೆನ್ನ ಮೇಲೆ ಒತ್ತೊತ್ತಾದ ಸಣ್ಣ ಕಪ್ಪು ಗೆರೆಗಳಿವೆ. ಬಾಲ ಬಿಳಿ. ಬಾಲವೂ ಸೇರಿದರೆ ಒಂದು ಮೀಟರ್ ಹತ್ತಿರ ಬರುತ್ತದೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಬರೀ ಬಾಲ! ಇದು ಅಟ್ಲಾಂಟಿಕ್, ಪೂರ್ವ ಪೆಸಿಫಿಕ್ ಮತ್ತು ನಮ್ಮ ಅರಬ್ಬೀ ಸಮುದ್ರದ ಕಡೆಯದು.

ಬಿಳಿ ಬಾಲದ ಟ್ರಾಪಿಕ್‌ಬರ್ಡ್ ಚಿಕ್ಕದು, ಸುಮಾರು 300 ಗ್ರಾಂ ತೂಗುತ್ತದೆ. ಉಳಿದೆರಡು ಅದರ ಎರಡರಷ್ಟು ತೂಕ ಇರುತ್ತವೆ. ರೆಕ್ಕೆಯ ಮೇಲ್ಭಾಗದಲ್ಲಿ ಓರೆಯಾಗಿ ಹೋಗುವ ದಪ್ಪ ಕಪ್ಪು ಪಟ್ಟಿಯೇ ಇದರ ಗುರುತು. ಕೊಕ್ಕು ಹಳದಿ ಅಥವಾ ಕಿತ್ತಳೆ. ಮೂರೂ ಮಹಾಸಾಗರಗಳಲ್ಲಿ ಇದೆ.

ಕೆಂಪು ಕೊಕ್ಕಿನದಕ್ಕೂ ಬಾಲ ಬಿಳಿ ಅನ್ನುವುದನ್ನು ಮರೆಯಬೇಡಿ. ಅದಕ್ಕೇ ಬಾಲ ಆಮೇಲೆ, ಮೊದಲು ಬೆನ್ನು ಮತ್ತು ರೆಕ್ಕೆ ನೋಡಿ.

ನಾನು ನೋಡಿದ ಹಕ್ಕಿಗೆ ಉದ್ದ ಬಾಲವೇ ಇರಲಿಲ್ಲ. ಅದು ಟ್ರಾಪಿಕ್‌ಬರ್ಡ್ ಆಗಿರಬಹುದಾ?

ಆಗಿರಬಹುದು. ಮರಿಗಳಿಗೆ ಉದ್ದ ಗರಿ ಇರುವುದಿಲ್ಲ. ಬೆನ್ನ ಮೇಲೆ ಕಪ್ಪು ಗೆರೆಗಳಿರುತ್ತವೆ, ಕೊಕ್ಕಿನ ಬಣ್ಣವೂ ಮಂಕು. ದೊಡ್ಡ ಹಕ್ಕಿಗಳ ಗರಿಯೂ ಉದುರಿ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

ಆಗ ಹಾರುವ ಶೈಲಿ ನೋಡಿ. ಟ್ರಾಪಿಕ್‌ಬರ್ಡ್ ಪಾರಿವಾಳದಂತೆ ಬೇಗ ಬೇಗ, ಬಿಗಿಯಾಗಿ ರೆಕ್ಕೆ ಬಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಸಿಗುವ ರೀವಗಳೂ (ಟರ್ನ್) ಬಿಳಿಯೇ, ಆದರೆ ಅವುಗಳ ಹಾರಾಟ ಹಗುರ, ತೇಲಾಡಿದಂತೆ. ರೀವದ ಬಾಲ ಕವಲೊಡೆದಿರುತ್ತದೆ, ಉದ್ದ ಗರಿಗಳಿರುವುದು ಎರಡು ಅಂಚಿನಲ್ಲಿ. ಟ್ರಾಪಿಕ್‌ಬರ್ಡ್‌ನಲ್ಲಿ ಉದ್ದ ಆಗುವುದು ನಡುವಿನ ಜೋಡಿ. ನಮ್ಮ ತೋಟಗಳಿಗೆ ಬರುವ ರಾಜಹಕ್ಕಿಯ ಗಂಡಿನಲ್ಲಿ ಉದ್ದ ಇರುವುದೂ ಆ ನಡುವಿನ ಜೋಡಿಯೇ. ಹಾಗಂತ ಎರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ.

ಅಷ್ಟು ಉದ್ದ ಬಾಲ ಯಾಕೆ ಬೇಕು?

ಹಾರುವುದಕ್ಕೆ ಅಂತೂ ಅಲ್ಲ, ಬಾಲವಿಲ್ಲದ ಎಳೆ ಹಕ್ಕಿಗಳೂ ಚೆನ್ನಾಗಿಯೇ ಹಾರುತ್ತವೆ. ಜೋಡಿ ಹುಡುಕುವಾಗ ತೋರಿಸಿಕೊಳ್ಳುವುದಕ್ಕೆ ಅನ್ನುವುದು ಹೆಚ್ಚು ಒಪ್ಪಿತ ಉತ್ತರ. ಗಂಡಿಗೆ ಮಾತ್ರ ಅಲ್ಲ, ಹೆಣ್ಣಿಗೂ ಈ ಗರಿ ಇದೆ. ನವಿಲಿನಲ್ಲಿ ಗಂಡು ಕುಣಿದರೆ ಹೆಣ್ಣು ನೋಡುತ್ತದೆ, ಅಲ್ವಾ? ಇಲ್ಲಿ ಇಬ್ಬರೂ ತೋರಿಸುವವರೇ, ಇಬ್ಬರೂ ಆರಿಸುವವರೇ.

ಕೆಂಪು ಬಾಲದ ಜಾತಿಯಲ್ಲಿ ಎರಡು ಗರಿಗಳೂ ಒಟ್ಟಿಗೆ ಉದುರುವುದಿಲ್ಲ. ಒಂದು ಪೂರ್ತಿ ಬೆಳೆದಿರುವಾಗ ಇನ್ನೊಂದು ಬದಲಾಗುತ್ತದೆ. ಹಾಗಾಗಿ ತೋರಿಸಲು ಕನಿಷ್ಠ ಒಂದಾದರೂ ಬಹುತೇಕ ಯಾವಾಗಲೂ ಇರುತ್ತದೆ.

ಇದಕ್ಕೆ ನಡೆಯೋಕೆ ಬರಲ್ಲ ಅಂತಾರೆ. ನಿಜಾನಾ?

ನಿಜ. ಕಾಲುಗಳು ಚಿಕ್ಕವು, ಅದೂ ದೇಹದ ತೀರಾ ಹಿಂಭಾಗದಲ್ಲಿವೆ. ಮೈಯ ಭಾರವೆಲ್ಲ ಮುಂದೆ, ಕಾಲು ಹಿಂದೆ. ಎದ್ದು ನಿಲ್ಲಲು ಹೋದರೆ ಮುಂದಕ್ಕೆ ವಾಲುತ್ತದೆ. ಆದ್ದರಿಂದ ನೆಲದ ಮೇಲೆ ಎದೆ ಒತ್ತಿ ಮಲಗಿ, ಎರಡೂ ಕಾಲಿನಿಂದ ಹಿಂದಿನಿಂದ ದಬ್ಬುತ್ತಾ, ಬೇಕಾದರೆ ರೆಕ್ಕೆಯ ಆಸರೆ ತೆಗೆದುಕೊಂಡು ತೆವಳುತ್ತದೆ. ನೋಡುವವರಿಗೆ ಅಯ್ಯೋ ಪಾಪ ಅನಿಸುತ್ತದೆ.

ಇದನ್ನು ಕುಂದು ಅಂತ ನೋಡಬಾರದು. ಗಾಳಿಯಲ್ಲಿ ಹಾರುವಾಗ ಕಾಲು ಕೆಲಸಕ್ಕೆ ಬರುವುದಿಲ್ಲ. ನೀರಿಗೆ ಧುಮುಕುವಾಗ, ತೇಲುವಾಗ ಹಿಂದೆ ಇರುವ ಕಾಲೇ ಅನುಕೂಲ. ನೆಲಕ್ಕೆ ಇದು ಬರುವುದೇ ಮೊಟ್ಟೆ ಇಡಲು. ವರ್ಷಕ್ಕೊಮ್ಮೆ ಬರುವ ಮನೆಗೆ ಬೇಕಾದಷ್ಟೇ ಕಾಲು ಸಾಕು ಅಂತ ಪ್ರಕೃತಿ ಲೆಕ್ಕ ಹಾಕಿದಂತಿದೆ.

ತೊಂದರೆ ಬರುವುದು ಆ ಮನೆಗೆ ಬೇರೆ ಯಾರಾದರೂ ನುಗ್ಗಿದಾಗ. ಓಡಲು ಆಗುವುದಿಲ್ಲ. ತಟ್ಟನೆ ಹಾರಲೂ ಆಗುವುದಿಲ್ಲ, ಎದುರಿಗೆ ತೆರೆದ ಜಾಗ ಇಲ್ಲವೇ ಬಂಡೆಯ ಅಂಚು ಬೇಕು. ಕೊಕ್ಕು ಬಿಟ್ಟರೆ ಬೇರೆ ಆಯುಧ ಇಲ್ಲ. ಕಿವಿ ಗಡಚಿಕ್ಕುವಂತೆ ಕಿರುಚುತ್ತದೆ, ಕುಕ್ಕುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಕೆಳಗಿನ ಅರ್ಧ ಉತ್ತರಗಳು ಇಲ್ಲಿಂದಲೇ ಬರುತ್ತವೆ.

ಏನು ತಿನ್ನುತ್ತದೆ?

ಮುಖ್ಯವಾಗಿ ಹಾರುಮೀನು ಮತ್ತು ಸ್ಕ್ವಿಡ್. ನಮ್ಮ ಮಂಗಳೂರು, ಉಡುಪಿ ಕಡೆ ಬೊಂಡಾಸ್ ಅನ್ನುತ್ತಾರಲ್ಲ, ಅದೇ ಸ್ಕ್ವಿಡ್. ಎತ್ತರದಲ್ಲಿ ಒಂದು ಕ್ಷಣ ರೆಕ್ಕೆ ಬಡಿಯುತ್ತಾ ನಿಂತು, ಬೇಟೆ ಕಂಡೊಡನೆ ರೆಕ್ಕೆ ಮಡಚಿ ತಲೆಕೆಳಗಾಗಿ ನೀರಿಗೆ ಬೀಳುತ್ತದೆ. ಕೆಲವು ಮೀಟರ್ ಆಳಕ್ಕೆ ಹೋಗಿ ಮೇಲೆ ಬರುತ್ತದೆ. ಹಾರುಮೀನು ನೀರಿನಿಂದ ಜಿಗಿದಾಗ ಗಾಳಿಯಲ್ಲೇ ಹಿಡಿಯುವುದೂ ಉಂಟು. ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ, ಜಾರುವ ಬೇಟೆಯೂ ತಪ್ಪಿಸಿಕೊಳ್ಳುವುದಿಲ್ಲ. ಮರಿಗೆ ಮೀನನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ತರುವುದಿಲ್ಲ, ನುಂಗಿಕೊಂಡು ತಂದು ಗೂಡಿನಲ್ಲಿ ಕಕ್ಕಿ ಕೊಡುತ್ತದೆ.

ಹೀಗೆ ನುಂಗಿ ತಂದರೂ ದಾರಿಯಲ್ಲಿ ಕಳ್ಳರ ಕಾಟ ತಪ್ಪುವುದಿಲ್ಲ. ಫ್ರಿಗೇಟ್ ಹಕ್ಕಿಗಳು ದ್ವೀಪದ ಹತ್ತಿರ ಕಾದಿದ್ದು, ಹೊಟ್ಟೆ ತುಂಬಿಸಿಕೊಂಡು ಮರಳುವ ಟ್ರಾಪಿಕ್‌ಬರ್ಡ್ ಅನ್ನು ಅಟ್ಟಾಡಿಸಿ, ಕಕ್ಕುವವರೆಗೂ ಬಿಡುವುದಿಲ್ಲ. ಕಕ್ಕಿದ್ದನ್ನು ಗಾಳಿಯಲ್ಲೇ ಹಿಡಿದು ನುಂಗುತ್ತವೆ.

ಹಡಗಿನ ಹತ್ತಿರ ಬರುತ್ತದಂತೆ, ಯಾಕೆ?

ಕುತೂಹಲ ಅನ್ನಬೇಕು. ದಡದಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಎಲ್ಲಿಂದಲೋ ಬಂದು, ಹಡಗಿನ ಮೇಲೆ ಒಂದೆರಡು ಸುತ್ತು ಹೊಡೆದು, ನೋಡಿ ಹೋಗುತ್ತದೆ. ಹಡಗಿನಲ್ಲಿ ಕೆಲಸ ಮಾಡುವ ಪರಿಚಯದವರಿದ್ದರೆ ಕೇಳಿ ನೋಡಿ, ಹೆಸರು ಗೊತ್ತಿಲ್ಲದಿದ್ದರೂ ಹಕ್ಕಿಯನ್ನು ನೋಡಿರುತ್ತಾರೆ. ಹಿಂದಿನ ಇಂಗ್ಲಿಷ್ ನಾವಿಕರು ಇದನ್ನು ಬೋಸನ್ ಹಕ್ಕಿ ಅಂತ ಕರೆಯುತ್ತಿದ್ದರು. ಬೋಸನ್ ಅಂದರೆ ಹಡಗಿನ ಕೆಲಸಗಾರರ ಮುಖಂಡ, ಸೀಟಿ ಊದಿ ಅಪ್ಪಣೆ ಕೊಡುವವನು. ಈ ಹಕ್ಕಿಯ ಕೂಗೂ ಹಾಗೇ ಕೀರಲು.

ಗೂಡು ಎಲ್ಲಿ ಕಟ್ಟುತ್ತದೆ? ಎಷ್ಟು ಮೊಟ್ಟೆ?

ಕಟ್ಟುವುದು ಅಂತ ಏನೂ ಇಲ್ಲ. ಬಂಡೆಯ ಸಂದು, ಕಡಿದಾದ ಇಳಿಜಾರಿನ ಪೊಟರೆ, ಪೊದೆಯ ನೆರಳು, ಸೇಶೆಲ್ಸ್‌ನಂಥ ಕಡೆ ಮರದ ಬುಡದ ಪೊಳ್ಳು. ನೆರಳು ಬೇಕು, ಹಾರಿ ಹೋಗಲು ಎದುರಿಗೆ ಬಯಲು ಬೇಕು. ಹುಲ್ಲು ಕಡ್ಡಿ ತಂದು ಹಾಸುವ ಗೋಜಿಲ್ಲ.

ಮೊಟ್ಟೆ ಒಂದೇ. ಗಂಡು ಹೆಣ್ಣು ಸರದಿ ಪ್ರಕಾರ ಕಾವು ಕೊಡುತ್ತವೆ. ಒಂದು ಸರದಿ ಹಲವು ದಿನ ನಡೆಯುತ್ತದೆ. ಒಂದು ಹಕ್ಕಿ ಉಪವಾಸ ಕೂತಿದ್ದರೆ ಇನ್ನೊಂದು ದೂರದ ಸಮುದ್ರದಲ್ಲಿ ಮೇಯುತ್ತಿರುತ್ತದೆ. ಮೊಟ್ಟೆ ಒಡೆಯಲು 40ರಿಂದ 46 ದಿನ ಬೇಕು. ಕೋಳಿಮೊಟ್ಟೆಗೆ 21 ದಿನ ಸಾಕು ಅಂತ ನೆನಪಿಸಿಕೊಂಡರೆ ಇದು ಎಷ್ಟು ನಿಧಾನ ಅಂತ ಗೊತ್ತಾಗುತ್ತದೆ. ಆಮೇಲೆ ಮರಿ ಗೂಡು ಬಿಡಲು ಸುಮಾರು 70ರಿಂದ 90 ದಿನ. ಮೊದಲ ಕೆಲವು ದಿನ ಬಿಟ್ಟರೆ ಮರಿ ಹೆಚ್ಚು ಹೊತ್ತು ಒಂಟಿಯಾಗಿಯೇ ಇರುತ್ತದೆ, ಅಪ್ಪ ಅಮ್ಮ ಊಟ ಕೊಡಲು ಬಂದು ಹೋಗುತ್ತಾರೆ ಅಷ್ಟೇ. ಹಾರುವುದನ್ನೂ ಯಾರೂ ಕಲಿಸುವುದಿಲ್ಲ. ಒಂದು ದಿನ ತಾನೇ ಅಂಚಿನಿಂದ ಹಾರಿ ಸಮುದ್ರ ಸೇರುತ್ತದೆ.

ವರ್ಷಕ್ಕೆ ಒಂದು ಮೊಟ್ಟೆ ಇಡುವ ಹಕ್ಕಿಗೆ ದೀರ್ಘಾಯುಷ್ಯ ಬೇಕೇ ಬೇಕು. ಕಾಲಿಗೆ ಉಂಗುರ ಹಾಕಿ ಗುರುತಿಸಿದ ಕೆಂಪು ಬಾಲದ ಹಕ್ಕಿಗಳು 25 ವರ್ಷ ದಾಟಿ ಬದುಕಿದ ದಾಖಲೆ ಇದೆ.

ಹಿಂದಕ್ಕೆ ಹಾರುತ್ತದೆ ಅನ್ನೋ ವಿಡಿಯೊ ನೋಡಿದೆ. ಎಡಿಟ್ ಮಾಡಿದ್ದಾ?

ಅಲ್ಲ, ನಿಜವೇ. ಕೆಂಪು ಬಾಲದ ಜಾತಿಯವು ಜೋಡಿ ಕಟ್ಟುವ ಕಾಲದಲ್ಲಿ ಎದುರುಗಾಳಿಗೆ ಮುಖ ಮಾಡಿ, ರೆಕ್ಕೆ ಬಡಿಯುತ್ತಾ ಮೇಲೇರಿ, ಹಿಂದಕ್ಕೆ ಸರಿದು, ಕೆಳಗಿಳಿದು ಮತ್ತೆ ಮುಂದೆ ಬರುತ್ತವೆ. ಎರಡು ಮೂರು ಹಕ್ಕಿ ಒಟ್ಟಿಗೆ ಹೀಗೆ ಒಂದರ ಸುತ್ತ ಒಂದು ಲಂಬವಾಗಿ ತಿರುಗುವುದನ್ನು ನೋಡುವುದೇ ಚಂದ. ಬಾಲವನ್ನು ಆಗ ಅತ್ತ ಇತ್ತ ಬೀಸುತ್ತವೆ. ಬಿಳಿ ಬಾಲದವುಗಳ ಆಟ ಬೇರೆ. ಎರಡು ಹಕ್ಕಿ ಒಂದರ ಮೇಲೊಂದು ಹಾರುತ್ತಾ, ಮೇಲಿನದು ತನ್ನ ಬಾಲವನ್ನು ಬಗ್ಗಿಸಿ ಕೆಳಗಿನದಕ್ಕೆ ತಾಗಿಸುತ್ತದೆ.

ಚಿನ್ನದ ಬಣ್ಣದ ಟ್ರಾಪಿಕ್‌ಬರ್ಡ್ ಇದೆಯಾ?

ಇದೆ. ಹಿಂದೂ ಮಹಾಸಾಗರದಲ್ಲಿ, ಜಾವಾದ ದಕ್ಷಿಣಕ್ಕಿರುವ ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪದಲ್ಲಿ. ಬಿಳಿ ಬಾಲದ ಜಾತಿಯದೇ ಉಪಜಾತಿ, ಮೈಯೆಲ್ಲ ಹೊಂಬಣ್ಣ. ಗೋಲ್ಡನ್ ಬೋಸನ್ ಅನ್ನುತ್ತಾರೆ. ದ್ವೀಪದ ಬಾವುಟದಲ್ಲೂ ಇದರ ಚಿತ್ರ ಇದೆ. ಅಲ್ಲಿ ಇದು ಕಾಡಿನ ಮರಗಳಲ್ಲಿ ಗೂಡು ಮಾಡುತ್ತದೆ. ಅದೇ ದ್ವೀಪದ ಕೆಂಪು ಬಾಲದವು ಕರಾವಳಿಯ ಬಂಡೆಗಳ ಮೇಲೆ, ನೆಲದಲ್ಲಿ. ಹಾಗಾಗಿ ಬೆಕ್ಕು, ಇಲಿಗಳಿಗೆ ಸುಲಭವಾಗಿ ಸಿಗುವುದು ಕೆಂಪು ಬಾಲದವುಗಳ ಮರಿಗಳು.

ಇದು ಹೆಜ್ಜಾರ್ಲೆಯ (ಪೆಲಿಕನ್) ನೆಂಟನಾ?

ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಬಾತುಕೋಳಿಯಲ್ಲಿ ಮುಂದಿನ ಮೂರು ಬೆರಳಿಗೆ ಮಾತ್ರ ಜಾಲ ಇರುತ್ತದೆ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬೂಬಿ, ಫ್ರಿಗೇಟ್ ಹಕ್ಕಿಗಳಲ್ಲಿ ನಾಲ್ಕೂ ಬೆರಳು ಸೇರಿ ಒಂದೇ ಜಾಲ. ಟ್ರಾಪಿಕ್‌ಬರ್ಡ್‌ಗೂ ಹಾಗೇ. ಅದಕ್ಕೆ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿದ್ದರು.

ಆದರೆ ಮರಿಗಳನ್ನು ನೋಡಿದರೆ ಅನುಮಾನ ಬರುತ್ತದೆ. ಕೊಕ್ಕರೆ ಬೆಳ್ಳೂರಿನ ಮರದ ಮೇಲೆ ಹೆಜ್ಜಾರ್ಲೆ ಮರಿ ಹುಟ್ಟುವಾಗ ಮೈಮೇಲೆ ಒಂದು ಎಳೆ ಪುಕ್ಕವೂ ಇರುವುದಿಲ್ಲ. ಟ್ರಾಪಿಕ್‌ಬರ್ಡ್ ಮರಿ ಹುಟ್ಟುತ್ತಲೇ ದಟ್ಟ ತುಪ್ಪಳ ಹೊದ್ದಿರುತ್ತದೆ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲಿಗೆ ತಲೆ ಹಾಕಿ ತಿನ್ನುತ್ತದೆ. ಇಲ್ಲಿ ತಾಯಿಯ ಕೊಕ್ಕೇ ಮರಿಯ ಬಾಯಿಯೊಳಗೆ ಹೋಗುತ್ತದೆ.

ಗೊಂದಲ ಬಗೆಹರಿದದ್ದು ಡಿಎನ್‌ಎಯಿಂದ. 2014ರಲ್ಲಿ 48 ಜಾತಿಯ ಹಕ್ಕಿಗಳ ಪೂರ್ತಿ ಜೀನೋಮ್ ಹೋಲಿಸಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಟ್ರಾಪಿಕ್‌ಬರ್ಡ್‌ನ ಪಕ್ಕದಲ್ಲಿ ಬಂದು ಕೂತದ್ದು ಸನ್‌ಬಿಟರ್ನ್. ಅದು ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಾಡುಗಳ ತೊರೆಯ ಬದಿಯಲ್ಲಿ ಮೆಲ್ಲಗೆ ನಡೆದಾಡುವ ಹಕ್ಕಿ! ಸನ್‌ಬಿಟರ್ನ್‌ಗೆ ಹತ್ತಿರದ ಇನ್ನೊಂದು ಹಕ್ಕಿ ಕಾಗು, ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಡಿನದು, ಹಾರಲು ಬಾರದು. ನಡೆಯಲು ಬಾರದ ಹಕ್ಕಿಗೆ ಹಾರಲು ಬಾರದ ನೆಂಟ. ಯಾರಾದರೂ ಕಥೆ ಕಟ್ಟಿ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಇದಕ್ಕೆ ದೊಡ್ಡ ಅಪಾಯ ಯಾವುದು?

ನೆಲದ ಮೇಲಿನದು. ಬೆಕ್ಕು ಮತ್ತು ಇಲಿ. ಈ ಹಕ್ಕಿಗಳು ಆರಿಸಿಕೊಂಡ ದೂರದ ದ್ವೀಪಗಳಲ್ಲಿ ಮೊದಲು ಬೇಟೆಯಾಡುವ ಪ್ರಾಣಿಗಳೇ ಇರಲಿಲ್ಲ. ಹಡಗುಗಳ ಜತೆ ಇಲಿ ಬಂತು, ಇಲಿ ಹಿಡಿಯಲಿ ಅಂತ ಬೆಕ್ಕು ಬಂತು. ನೆಲದಲ್ಲಿ ಕೂತು ಕದಲದ ಹಕ್ಕಿ ಬೆಕ್ಕಿಗೆ ಸಲೀಸು.

ದಕ್ಷಿಣ ಅಟ್ಲಾಂಟಿಕ್‌ನ ಆಸೆನ್ಶನ್ ದ್ವೀಪದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ನೆಪೋಲಿಯನ್‌ನನ್ನು ಸೇಂಟ್ ಹೆಲೆನಾದಲ್ಲಿ ಇಟ್ಟಾಗ, ಪಕ್ಕದ ಈ ದ್ವೀಪದಿಂದ ಯಾರಾದರೂ ಬಿಡಿಸಲು ಬಂದಾರು ಅಂತ ಬ್ರಿಟಿಷರು 1815ರಲ್ಲಿ ಇಲ್ಲಿ ಕಾವಲು ಪಡೆ ಇಟ್ಟರು. ಪಕ್ಕ ಅಂದರೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ! ಆ ಕಾಲದಲ್ಲೇ ಬೆಕ್ಕುಗಳೂ ಬಂದವು, ಕಾಡುಬಿದ್ದವು. ನೆಪೋಲಿಯನ್ ಸತ್ತ ಮೇಲೂ ಬೆಕ್ಕುಗಳು ಉಳಿದವು. ಮುಖ್ಯ ದ್ವೀಪದ ಕಡಲ ಹಕ್ಕಿಗಳಲ್ಲಿ ಹೆಚ್ಚಿನವು ಬೆಕ್ಕು ಹತ್ತಲಾಗದ ಕಡಿದಾದ ಬಂಡೆಗಳಿಗೆ, ದಡದಿಂದ ಸ್ವಲ್ಪ ದೂರದ ಒಂದು ಸಣ್ಣ ಬಂಡೆದ್ವೀಪಕ್ಕೆ ಸೇರಿಕೊಂಡವು. ಆ ಬಂಡೆದ್ವೀಪದ ಹೆಸರೇ ಬೋಸನ್‌ಬರ್ಡ್ ಐಲೆಂಡ್. ಸುಮಾರು ಎರಡು ಶತಮಾನ ಹೀಗೇ ನಡೆಯಿತು. 2002ರಲ್ಲಿ ಕಾಡುಬೆಕ್ಕುಗಳನ್ನು ತೆಗೆಯುವ ಕೆಲಸ ಶುರುವಾಗಿ, 2006ರಲ್ಲಿ ದ್ವೀಪದಲ್ಲಿ ಕಾಡುಬೆಕ್ಕು ಇಲ್ಲ ಅಂತ ಘೋಷಿಸಿದರು. ಮುಖ್ಯ ದ್ವೀಪಕ್ಕೆ ಕಡಲ ಹಕ್ಕಿಗಳು ಮರಳಿ ಬಂದು ಗೂಡು ಮಾಡತೊಡಗಿದವು. ಬೆಕ್ಕು ಪ್ರೀತಿಸುವವರಿಗೆ ಈ ಮಾತು ಬೇಜಾರಾಗಬಹುದು, ಆದರೆ ಅಲ್ಲಿ ಬೇರೆ ದಾರಿ ಇರಲಿಲ್ಲ.

ಬರ್ಮುಡಾದವರು ಇದಕ್ಕೆ ಸಿಮೆಂಟ್ ಗೂಡು ಮಾಡಿಕೊಡುತ್ತಾರಂತೆ?

ಹೌದು. ಉತ್ತರ ಅಟ್ಲಾಂಟಿಕ್‌ನ ಬರ್ಮುಡಾದಲ್ಲಿ ಬಿಳಿ ಬಾಲದ ಜಾತಿ ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತದೆ. ಅಲ್ಲಿಯ ಜನ ಲಾಂಗ್‌ಟೇಲ್ ಅನ್ನುತ್ತಾರೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಂತು ಅಂದರೆ ಚಳಿಗಾಲ ಮುಗಿಯಿತು ಅಂತ ಲೆಕ್ಕ. ಅವರ 25 ಸೆಂಟ್ ನಾಣ್ಯದ ಮೇಲೂ ಇದೇ ಹಕ್ಕಿ. ಅಕ್ಟೋಬರ್ ಹೊತ್ತಿಗೆ ಮತ್ತೆ ನಡುಸಮುದ್ರಕ್ಕೆ ಹೋಗುತ್ತದೆ.

ಗೂಡಿನ ಸಂದುಗಳಿರುವುದು ಸುಣ್ಣಕಲ್ಲಿನ ಮೆತ್ತನೆಯ ಕಡಲಬಂಡೆಗಳಲ್ಲಿ. 2003ರ ಸೆಪ್ಟೆಂಬರ್‌ನಲ್ಲಿ ಫೇಬಿಯನ್ ಚಂಡಮಾರುತ ಬಂದು ಎಷ್ಟೋ ಬಂಡೆ ಕುಸಿದು, ಗೂಡುಗಳು ಹೋದವು. ಹಗುರವಾದ ಫೋಮ್ ಮೇಲೆ ಸಿಮೆಂಟ್ ಮೆತ್ತಿ ಮಾಡಿದ ಗುಮ್ಮಟದಂಥ ಗೂಡುಗಳಿಗೆ ಅಲ್ಲಿ ಇಗ್ಲೂ ಅನ್ನುತ್ತಾರೆ. ಕಡಲಬದಿಯಲ್ಲಿ ಮನೆ ಇರುವವರು ತಮ್ಮ ಜಾಗದ ಬಂಡೆಯ ಮೇಲೆ ಇದನ್ನು ಕೂರಿಸುತ್ತಾರೆ. ಹಕ್ಕಿಗಳು ಒಪ್ಪಿಕೊಂಡಿವೆ.

ಇದೇ ಬರ್ಮುಡಾದಲ್ಲಿ ಈ ಹಕ್ಕಿ ಖಳನಾಯಕನೂ ಆಗಿತ್ತು. ಕಹಾವ್ ಅನ್ನುವ ಕಡಲ ಹಕ್ಕಿ, ಬರ್ಮುಡಾ ಬಿಟ್ಟು ಬೇರೆಲ್ಲೂ ಮರಿ ಮಾಡದ್ದು, ಅಳಿದೇ ಹೋಯಿತು ಅಂತ 300 ವರ್ಷ ಜನ ನಂಬಿದ್ದರು. 1951ರಲ್ಲಿ ಸಣ್ಣ ಬಂಡೆದ್ವೀಪಗಳಲ್ಲಿ ಕೆಲವೇ ಜೋಡಿಗಳು ಸಿಕ್ಕವು. ಹುಡುಕಲು ಹೋದ ತಂಡದಲ್ಲಿ ಡೇವಿಡ್ ವಿಂಗೇಟ್ ಅನ್ನುವ 15 ವರ್ಷದ ಹುಡುಗನಿದ್ದ, ಮುಂದೆ ಅವನ ಬದುಕೆಲ್ಲ ಆ ಹಕ್ಕಿಯನ್ನು ಉಳಿಸುವುದಕ್ಕೇ ಹೋಯಿತು. ಕಹಾವ್ ಮೊದಲು ಮಣ್ಣಿನಲ್ಲಿ ಬಿಲ ತೋಡುತ್ತಿತ್ತು. ಹಂದಿ, ಇಲಿಗಳ ಕಾಟದಿಂದ ಮಣ್ಣಿರುವ ದ್ವೀಪಗಳು ಕೈತಪ್ಪಿ, ಬರೀ ಬಂಡೆಯ ಸಂದುಗಳಿಗೆ ಬಂದಿತ್ತು. ಅವು ಲಾಂಗ್‌ಟೇಲ್‌ನ ಸಂದುಗಳು. ಕಹಾವ್ ಮರಿ ಒಳಗಿರುವ ಹೊತ್ತಿಗೇ ಲಾಂಗ್‌ಟೇಲ್ ಬಂದು, ಮರಿಯನ್ನು ಕುಕ್ಕಿ ಕೊಂದು, ಜಾಗ ಹಿಡಿಯುತ್ತಿತ್ತು.

ಪರಿಹಾರ ತೀರಾ ಸರಳ. ಸಂದಿನ ಬಾಯಿಗೆ ಒಂದು ಮರದ ಹಲಗೆ, ಅದರಲ್ಲಿ ಅಳತೆ ನೋಡಿ ಕೊರೆದ ತೂತು. ಕಹಾವ್ ಒಳಗೆ ಹೋಗಬಲ್ಲದು, ಅದಕ್ಕಿಂತ ಸ್ವಲ್ಪ ದಪ್ಪ ಇರುವ ಲಾಂಗ್‌ಟೇಲ್ ಹೋಗಲಾರದು. 1950ರ ದಶಕದಲ್ಲಿ ಶುರುವಾದ ಈ ಉಪಾಯ ಕಹಾವ್ ಉಳಿಯಲು ದೊಡ್ಡ ಕಾರಣ. ಹೊರಗುಳಿದ ಲಾಂಗ್‌ಟೇಲ್‌ಗೂ ಗೂಡು ಬೇಕಲ್ಲ? ಅದಕ್ಕೆ ಇಗ್ಲೂ ಇದ್ದೇ ಇದೆ.

ಗರಿಗಾಗಿ ಇದನ್ನು ಕೊಲ್ಲುತ್ತಿದ್ದರಾ?

ಗರಿಗೆ ಬೆಲೆ ಇತ್ತು. ಹವಾಯಿಯ ಅರಸರ ಮುಂದೆ ಹಿಡಿಯುತ್ತಿದ್ದ ಕಾಹಿಲಿ ಅನ್ನುವ ಗರಿಯ ಲಾಂಛನಕ್ಕೆ ಇದರ ಬಾಲದ ಗರಿಗಳನ್ನೂ ಬಳಸುತ್ತಿದ್ದರು. ನ್ಯೂಜಿಲೆಂಡ್‌ನ ಮಾವೊರಿಗಳು ಕೆಂಪು ಬಾಲದ ಹಕ್ಕಿಯನ್ನು ಅಮೊಕುರಾ ಎಂದು ಕರೆಯುತ್ತಾರೆ. ಬಿರುಗಾಳಿಗೆ ಸಿಕ್ಕಿ ಉತ್ತರದ ದಡಕ್ಕೆ ಬಂದು ಬಿದ್ದ ಹಕ್ಕಿಗಳ ಕೆಂಪು ಗರಿಯನ್ನು ಒಡವೆಯಂತೆ ಕಾಪಾಡುತ್ತಿದ್ದರು. ಇವತ್ತು ಗರಿಗಿಂತ ಚಿತ್ರಕ್ಕೆ ಬೇಡಿಕೆ. ಏರ್ ಮಾರಿಷಸ್ ವಿಮಾನ ಹತ್ತಿದವರು ಅದರ ಗುರುತಾಗಿ ಈ ಹಕ್ಕಿಯನ್ನು ನೋಡಿಯೇ ಇರುತ್ತಾರೆ.

ಅಳಿವಿನ ಅಂಚಿನಲ್ಲಿದೆಯಾ?

ಇಲ್ಲ. ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಮೂರೂ ಜಾತಿಗಳು ಸದ್ಯಕ್ಕೆ ಹೆಚ್ಚು ಚಿಂತೆ ಇಲ್ಲದ ವರ್ಗದಲ್ಲಿವೆ. ಆದರೆ ದ್ವೀಪದಿಂದ ದ್ವೀಪಕ್ಕೆ ಪರಿಸ್ಥಿತಿ ಬೇರೆ.

ಕರ್ನಾಟಕದಲ್ಲಿ ಕಾಣಬಹುದಾ? ನೇತ್ರಾಣಿಯಲ್ಲಿ ಇದೆಯಾ?

ನೇತ್ರಾಣಿಯಲ್ಲಿ ಇದರ ಗೂಡಿಲ್ಲ. ಅಲ್ಲಿ ಹೆಸರಾದದ್ದು ಬಿಳಿ ಹೊಟ್ಟೆಯ ಕಡಲ ಹದ್ದು, ಗುಹೆಗಳಲ್ಲಿ ಜೊಲ್ಲಿನಿಂದ ಗೂಡು ಮಾಡುವ ಸ್ವಿಫ್ಟ್‌ಲೆಟ್.

ಅರಬ್ಬೀ ಸಮುದ್ರದಲ್ಲಿ ಟ್ರಾಪಿಕ್‌ಬರ್ಡ್‌ಗಳು ಇವೆ, ಆದರೆ ದಡದಿಂದ ಬಹಳ ದೂರ. ಕೆಂಪು ಕೊಕ್ಕಿನದು ಓಮನ್, ಕೆಂಪು ಸಮುದ್ರದ ಕಡೆಯ ದ್ವೀಪಗಳಲ್ಲಿ ಮರಿ ಮಾಡುತ್ತದೆ, ಬಿಳಿ ಬಾಲದ್ದು ಮಾಲ್ಡೀವ್ಸ್ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಜೋರಾದಾಗ ಬೂಬಿ, ಫ್ರಿಗೇಟ್ ಹಕ್ಕಿಗಳ ಜತೆ ಅಪರೂಪಕ್ಕೆ ಇವೂ ಭಾರತದ ಪಶ್ಚಿಮ ಕರಾವಳಿಗೆ ಸುಸ್ತಾಗಿ ಬಂದು ಬೀಳುತ್ತವೆ. ನಮ್ಮ ಜನ ಇದನ್ನು ಹತ್ತಿರದಿಂದ ನೋಡುವುದು ಹೆಚ್ಚಾಗಿ ಹೀಗೆಯೇ, ಅದರ ಕಷ್ಟಕಾಲದಲ್ಲಿ.

ದಡದಲ್ಲಿ ಒಂದು ಸಿಕ್ಕಿದೆ. ಎದ್ದು ನಿಲ್ಲುತ್ತಿಲ್ಲ. ಏನು ಮಾಡಲಿ?

ಮೊದಲು, ಕಾಲು ಮುರಿದಿದೆ ಅಂತ ತೀರ್ಮಾನ ಮಾಡಬೇಡಿ. ಮೇಲೆ ಹೇಳಿದಂತೆ ಆರೋಗ್ಯವಾಗಿರುವ ಹಕ್ಕಿಯೂ ನಿಲ್ಲುವುದಿಲ್ಲ. ನಿಲ್ಲಿಸಲು ಹೋಗಬೇಡಿ, ಕಾಲಿಗೆ ಪಟ್ಟಿ ಕಟ್ಟಬೇಡಿ.

ನಾಯಿ, ಕಾಗೆಗಳನ್ನು ದೂರ ಇಡಿ. ಒಂದು ಟವೆಲ್ ಹಾಕಿ ರೆಕ್ಕೆ ಮೈಗೆ ಒತ್ತುವಂತೆ ಎತ್ತಿಕೊಳ್ಳಿ. ಮುಖದಿಂದ ದೂರ ಹಿಡಿಯಿರಿ, ಕೊಕ್ಕು ಚೂಪಾಗಿದೆ, ಕಣ್ಣಿಗೆ ಗುರಿ ಇಡುತ್ತದೆ. ಬಾಲದ ಗರಿ ಹಿಡಿದು ಎತ್ತಬೇಡಿ, ಬಾಗಿಸಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆ ಹಾಸಿ ಮಲಗಿಸಿ, ಕತ್ತಲೆ ಇರುವ, ಸದ್ದಿಲ್ಲದ ಕಡೆ ಇಡಿ. ಅನ್ನ, ಹಾಲು, ಬ್ರೆಡ್ ಯಾವುದೂ ಬೇಡ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗಿ ಸಾಯಬಹುದು. ಅರಣ್ಯ ಇಲಾಖೆಗೆ ಇಲ್ಲವೇ ಹತ್ತಿರದ ವನ್ಯಜೀವಿ ರಕ್ಷಕರಿಗೆ ಕೂಡಲೇ ತಿಳಿಸಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಡಲ ಹಕ್ಕಿ ಅಲ್ವಾ ಅಂತ ಮರಳಿ ಅಲೆಗೆ ಎಸೆಯುವವರೂ ಇದ್ದಾರೆ. ಅದು ಅತಿ ಕೆಟ್ಟ ಕೆಲಸ. ಗಾಳಿಯೊಂದಿಗೆ ದಿನಗಟ್ಟಲೆ ಹೋರಾಡಿ, ಹೊಟ್ಟೆಗಿಲ್ಲದೆ ಬಿದ್ದ ಹಕ್ಕಿ ಅದು. ಚೇತರಿಸಿಕೊಂಡ ಮೇಲೆ, ಗಾಳಿ ತಗ್ಗಿದ ದಿನ, ಗೊತ್ತಿದ್ದವರೇ ಬಿಡಬೇಕು. ರೆಕ್ಕೆಯ ಮೇಲ್ಭಾಗ, ಬೆನ್ನು, ಕೊಕ್ಕು ಕಾಣುವಂತೆ ಬೇಗನೆ ಎರಡು ಫೋಟೊ ತೆಗೆದಿಟ್ಟರೆ ಜಾತಿ ಗುರುತಿಸಲು ಸಹಾಯ ಆಗುತ್ತದೆ. ಸೆಲ್ಫಿಗೆ ಸಾಲು ನಿಲ್ಲಿಸಬೇಡಿ.

ಸಾಕಬಹುದಾ?

ಇಲ್ಲ. ಕಾನೂನು ಪ್ರಕಾರವೂ ತಪ್ಪು, ಹಕ್ಕಿಯೂ ಬದುಕುವುದಿಲ್ಲ.

ಸುಮ್ನೆ ನೋಡಲು ಎಲ್ಲಿಗೆ ಹೋಗಬಹುದು?

ಮಸ್ಕತ್‌ನಲ್ಲಿರುವ ಕನ್ನಡಿಗರಿಗೆ ಅದೃಷ್ಟ ಇದೆ. ಡಾಲ್ಫಿನ್ ನೋಡಲು ದೋಣಿಯಲ್ಲಿ ಹೋಗುವವರು ಮೇಲೂ ಒಮ್ಮೆ ಕಣ್ಣು ಹಾಯಿಸಿದರೆ ಕೆಂಪು ಕೊಕ್ಕಿನದು ಸಿಗುವ ಸಾಧ್ಯತೆ ಇದೆ. ಮಾರಿಷಸ್‌ಗೆ ಹೋದವರು ಬರೀ ಬೀಚಿನಲ್ಲಿ ಕೂರದೆ ಬ್ಲ್ಯಾಕ್ ರಿವರ್ ಕಣಿವೆಯ ವ್ಯೂಪಾಯಿಂಟ್‌ಗೆ ಹೋಗಿ. ಹಸಿರು ಕಾಡಿನ ಮೇಲೆ, ನಿಮ್ಮ ಕಣ್ಣಿಗಿಂತ ಕೆಳಗೆ, ಬಿಳಿ ಬಾಲದ ಹಕ್ಕಿ ಹಾರುತ್ತಿರುತ್ತದೆ. ಮೇಲಿನಿಂದ ನೋಡುವುದರಿಂದ ರೆಕ್ಕೆಯ ಕಪ್ಪು ಪಟ್ಟಿ ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿರುವವರು ಹವಾಯಿಗೆ ಹೋದರೆ ಕವಾಯಿ ದ್ವೀಪದ ಕಿಲಾವೇಯಾ ಪಾಯಿಂಟ್‌ನಲ್ಲಿ ಕೆಂಪು ಬಾಲದ್ದು, ಬಿಳಿ ಬಾಲದ್ದು ಎರಡೂ ಸಿಗುತ್ತವೆ. ಹವಾಯಿಯ ದೊಡ್ಡ ದ್ವೀಪದ ಕಿಲಾವೇಯಾ ಜ್ವಾಲಾಮುಖಿಯ ಬಾಯಿಯ ಕಡಿದಾದ ಗೋಡೆಗಳಲ್ಲೂ ಬಿಳಿ ಬಾಲದವು ಗೂಡು ಮಾಡುತ್ತವೆ. ಬೈನಾಕ್ಯುಲರ್ ಒಯ್ಯಿರಿ. ಗೂಡು ಕಂಡರೆ ಹತ್ತಿರ ಹೋಗಬೇಡಿ, ಅದು ಎದ್ದು ಹೋಗುವುದಿಲ್ಲ ಅನ್ನುವುದನ್ನು ಒಪ್ಪಿಗೆ ಅಂತ ತಿಳಿಯಬೇಡಿ.